ನಿಂಬೆಕಾಯಿಗೊಂದು ತೋಟಾ

ನನ್ನ ಹತ್ತಿರ ಒಂದು ರೈಫಲ್ ಇದೆ. ಪಾಯಿಂಟ್ ಟೂ ಟೂ. ನಮ್ಮ ಕಡೆ ಎಲ್ಲರೂ ಅದನ್ನು ಟೂಟೂ ಅಂತಲೇ ಕರೆಯುತ್ತಾರೆ. ಲೈಸೆನ್ಸ್ ಇದೆ, ನನ್ನ ಹೆಸರಿನಲ್ಲೇ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕೆಲಸದಿಂದ ನಿವೃತ್ತಳಾದ, ಗಂಡ ಸತ್ತ, ಮನೆಯಲ್ಲಿ ಎರಡು ಹಸು ಕಟ್ಟಿಕೊಂಡಿರುವ ಕನ್ನಡ ಟೀಚರಮ್ಮನ ಬಾಯಲ್ಲಿ ರೈಫಲ್ ಅನ್ನುವ ಮಾತು ಬಂದ ತಕ್ಷಣ ಕೇಳುವವರ ಮುಖ ಒಂದು ಥರ ಆಗುತ್ತದೆ. ಆಗಲಿ. ಆ ಮುಖಗಳನ್ನು ನೋಡಿ ನೋಡಿ ನನಗೂ ರೂಢಿಯಾಗಿದೆ.

ಮುಖ ಸರಿಹೋದ ಮೇಲೆ ಬರುವ ಪ್ರಶ್ನೆ ಒಂದೇ. ಕಾಮಸಮುದ್ರದ ಬಸ್ಸಿನಲ್ಲಿ ಕೂತವರಾಗಲಿ, ರಾಬರ್ಟ್‌ಸನ್‌ಪೇಟೆಯಲ್ಲಿ ಸೊಪ್ಪು ಮಾರುವವಳಾಗಲಿ, ನನ್ನ ಜೊತೆ ಪಾಠ ಮಾಡಿದ ಮೇಷ್ಟ್ರುಗಳಾಗಲಿ, ಎಲ್ಲರೂ ಅದನ್ನೇ ಕೇಳುತ್ತಾರೆ: ಏನು ಹೊಡೀತೀರ? ಏನೂ ಇಲ್ಲ ಸ್ವಾಮಿ. ಕಾಗದ ಹೊಡೆಯುತ್ತೇನೆ. ತಗಡಿನ ಡಬ್ಬ ಹೊಡೆಯುತ್ತೇನೆ. ವರ್ಷಕ್ಕೊಂದು ಸಲ ಒಂದು ನಿಂಬೆಕಾಯಿ ಹೊಡೆಯುತ್ತೇನೆ. ಹಂದಿ ಕಾಟ ಅಂದರೆ ತಲೆಯಾಡಿಸುತ್ತಾರೆ. ಕಳ್ಳರ ಭಯ ಅಂದರೆ ಅಯ್ಯೋ ಪಾಪ ಅನ್ನುತ್ತಾರೆ. ಖುಷಿಗೆ ಅಂದರೆ ಮಾತ್ರ ಇವಳಿಗೇನು ತಲೆ ಕೆಟ್ಟಿದೆಯಾ ಅಂತ ಕಣ್ಣಲ್ಲೇ ಲೆಕ್ಕ ಹಾಕಿ ಕಿಟಕಿಯ ಕಡೆ ತಿರುಗುತ್ತಾರೆ.

ರೈಫಲ್ ಅಪ್ಪನದು. ಅಪ್ಪ ಊರಿಗಾಂನಲ್ಲಿ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಅವರ ಫೋರ್‌ಮನ್ ಒಬ್ಬ ಆಂಗ್ಲೋ ಇಂಡಿಯನ್, ಮನೆಮಂದಿಯನ್ನೆಲ್ಲ ಕರೆದುಕೊಂಡು ಆಸ್ಟ್ರೇಲಿಯಾಕ್ಕೆ ಹೊರಟಾಗ ಪಿಯಾನೋ ಯಾರಿಗೋ ಕೊಟ್ಟ, ನಾಯಿ ಯಾರಿಗೋ ಕೊಟ್ಟ, ರೈಫಲನ್ನು ನಮ್ಮಪ್ಪನ ಹೆಸರಿಗೆ ಮಾಡಿಸಿಕೊಟ್ಟ. ಗಣಿ ಕಾರ್ಮಿಕರ ಲೈನ್ ಮನೆಯ ಒಂದೂವರೆ ಕೋಣೆಯಲ್ಲಿ ನಾವಿದ್ದೆವು. ಅಕ್ಕಿ ಡಬ್ಬದ ಹಿಂದೆ ಗೋಡೆಗೆ ಕಬ್ಬಿಣದ ಪೆಟ್ಟಿಗೆ ಹೊಡೆಸಿ, ಬೀಗ ಹಾಕಿ, ಅದರೊಳಗೆ ಅದನ್ನು ಇಟ್ಟರು. ಗಣಿ ಮುಚ್ಚಿದಾಗ ಅಪ್ಪ ಬಂಗಾರಪೇಟೆ ಕಡೆಯ ನಮ್ಮ ಹಳ್ಳಿಗೆ ವಾಪಸು ಬಂದರು. ಲಾರಿಯಲ್ಲಿ ಸಾಮಾನು ಬಂತು. ಆ ಪೆಟ್ಟಿಗೆ ಮಾತ್ರ ಅಪ್ಪನ ತೊಡೆಯ ಮೇಲೆ ಬಂತು.

ಟೂಟೂ ಅಂದರೆ ದೊಡ್ಡ ಕೋವಿಯಲ್ಲ. ತೋಟಾ ಹುರುಳಿಕಾಯಿಯ ತುಂಡಿನಷ್ಟು. ದೊಡ್ಡ ತೋಟಾಗಳಿಗೆ ಹಿಂಬದಿಯ ನಟ್ಟನಡುವೆ ಪೆಟ್ಟು ಬೀಳಬೇಕು, ಇದಕ್ಕೆ ಅಂಚಿನ ಮೇಲೆ ಬೀಳಬೇಕು. ಸಿಡಿಯುವ ಮದ್ದು ಇರುವುದೇ ಆ ಅಂಚಿನ ಮಡಿಕೆಯಲ್ಲಿ. ಅದಕ್ಕೇ ಒಳಗೆ ತೋಟಾ ಇಲ್ಲದೆ ಕುದುರೆ, ಅಂದರೆ ಟ್ರಿಗರ್, ಎಳೆಯಬಾರದು. ಎಳೆದರೆ ಒಳಗಿನ ಸೂಜಿ ತೋಟಾದ ಅಂಚಿಗೆ ಬದಲಾಗಿ ನಳಿಗೆಯ ತುಟಿಗೇ ಹೊಡೆದು ಅದನ್ನು ಜಜ್ಜುತ್ತದೆ. ಆದರೆ ಗಂಡಸರ ಕೈಗೆ ರೈಫಲ್ ಕೊಟ್ಟು ನೋಡಿ. ಭುಜಕ್ಕೇರಿಸುತ್ತಾರೆ, ಒಂದು ಕಣ್ಣು ಮುಚ್ಚುತ್ತಾರೆ, ಟಕ್ ಅನ್ನಿಸುತ್ತಾರೆ. ಅಪ್ಪ ಅಂಥವರ ಕೈಮೇಲೆ ಚಟ್ಟಂತ ಏಟು ಕೊಡುತ್ತಿದ್ದರು. "ಖಾಲಿ ಕುದ್ರೆ ಎಳೀಬ್ಯಾಡ ಅಂತ ಎಷ್ಟ್ ದಪ ಏಳ್ಬೇಕ್ಲಾ?" ಅನ್ನುತ್ತಿದ್ದರು. ಈಗ ಆ ಏಟು ಕೊಡುವ ಕೆಲಸ ನನ್ನದು, ಬೀಗರು ನೆಂಟರು ಅಂತ ನಾನು ನೋಡುವುದಿಲ್ಲ.

ನನ್ನ ಗಂಡ ತೀರಿಕೊಂಡ ವರ್ಷ ನಾನು ತವರಿಗೆ ಬಂದೆ. ಮಕ್ಕಳಿಲ್ಲ. ಬಂಗಾರಪೇಟೆಯ ಸ್ಕೂಲಿಗೆ ಹಳ್ಳಿಯಿಂದಲೇ ಓಡಾಡುತ್ತಿದ್ದೆ. ಬಂದು ಹೋಗುವವರೆಲ್ಲ ನನ್ನನ್ನು ನೋಡಿ ಒಂದು ದನಿ ತಗ್ಗಿಸಿ ಮಾತಾಡುತ್ತಿದ್ದರು. ಅದು ನನಗೆ ಸಾವಿಗಿಂತ ಹಿಂಸೆಯಾಗುತ್ತಿತ್ತು. ಒಂದು ಭಾನುವಾರ ಅಪ್ಪ ಏನೂ ಹೇಳದೆ ಕೇಳದೆ ನನ್ನನ್ನು ಊರಿಗಾಂಗೆ ಕರೆದುಕೊಂಡು ಹೋದರು. ಅಲ್ಲಿ ಕಂಪನಿ ಕಾಲದ ಹಳೇ ಕಟ್ಟಡವೊಂದರ ಹಿಂದೆ ಅಪ್ಪನಂಥ ಕೆಲವರು ಸೇರಿಕೊಂಡು ನಡೆಸುವ ಚಿಕ್ಕ ಶೂಟಿಂಗ್ ಕ್ಲಬ್ ಇದೆ. ತಗಡಿನ ಚಪ್ಪರ, ಹಳೇ ಗೋಣಿಚೀಲ, ಮುಂದೆ ಗುರಿಹಲಗೆ, ಅದರ ಹಿಂದೆ ಮಣ್ಣಿನ ಏರಿ. ಅದರಾಚೆ ಸೈನೈಡ್ ದಿಬ್ಬ, ಚಿನ್ನ ತೆಗೆದು ಬಿಸಾಕಿದ ಗಣಿಮಣ್ಣಿನ ಗುಡ್ಡ. ಅಪ್ಪ ನನ್ನನ್ನು ಗೋಣಿಚೀಲದ ಮೇಲೆ ಬೋರಲು ಮಲಗಿಸಿದರು.

"ಉಸ್ರು ಅರ್ಧ ಬುಟ್ಟು ಇಡ್ಕ. ಆಮ್ಯಾಕೆ ಬೆರಳು. ಅವಸ್ರ ಬ್ಯಾಡ, ಕಾಗ್ದ ಎಲ್ಲಿಗೂ ಓಗಲ್ಲ."

ಹೊಡೆದೆ. ದೊಡ್ಡ ಸದ್ದೇನೂ ಇಲ್ಲ, ಒಣ ತೆಂಗಿನಗರಿ ಮುರಿದಷ್ಟು. ಭುಜಕ್ಕೆ ಒದೆತವಿಲ್ಲ. ಕಾಗದದ ಮೂಲೆಯಲ್ಲಿ ಒಂದು ತೂತು. ಅಷ್ಟೇ. ಆ ತೂತನ್ನು ನೋಡಿ ನನಗೆ ನಗು ಬಂತು. ಗಂಡ ಸತ್ತ ಮೇಲೆ ಮೊದಲ ಸಲ ನಕ್ಕಿದ್ದು ಅಲ್ಲೇ, ಆ ಮದ್ದಿನ ವಾಸನೆಯಲ್ಲಿ. ಪಕ್ಕದ ಚೀಲದಲ್ಲಿದ್ದ ರಿಟೈರ್ಡ್ ಗಣಿ ಕೆಲಸಗಾರರೊಬ್ಬರು ತಮಿಳಿನಲ್ಲಿ "ಪರವಾಯಿಲ್ಲೆ ಅಮ್ಮಾ, ನಲ್ಲಾ ಇರುಕ್ಕು" ಅಂದರು, ಪರವಾಗಿಲ್ಲ ಚೆನ್ನಾಗಿದೆ ಅಂತ. ಅವರಲ್ಲಿ ಯಾರೂ ದನಿ ತಗ್ಗಿಸಲಿಲ್ಲ. ಅವತ್ತಿನಿಂದ ಭಾನುವಾರಗಳು ನನ್ನವು. ಕ್ಲಬ್ಬಿಗೆ ಸೇರಿದೆ, ಕಲಿತೆ, ಅಪ್ಪನಿಗಿಂತ ಚೆನ್ನಾಗಿ ಹೊಡೆಯುವಂತಾದೆ. ಜಂಬ ಅನ್ನಿ. ಇರುವುದನ್ನು ಹೇಳುತ್ತಿದ್ದೇನೆ.

ತಕರಾರು ಶುರುವಾದದ್ದು ಅಪ್ಪನ ಕಣ್ಣಿನಿಂದ. ಪೊರೆ ತೆಗೆಸಿದರೂ ದೃಷ್ಟಿ ಸರಿಹೋಗಲಿಲ್ಲ. ಇನ್ನು ಲೈಸೆನ್ಸ್ ನನಗೆ ಯಾಕೆ, ಮಗಳ ಹೆಸರಿಗೆ ಮಾಡಿಸುತ್ತೇನೆ ಅಂದರು. ವಯಸ್ಸಾದವರು ಬದುಕಿರುವಾಗಲೇ ಮಕ್ಕಳಿಗೆ ವರ್ಗಾಯಿಸಬಹುದು, ಅದಕ್ಕೆ ದಾರಿ ಇದೆ. ಆದರೆ ಉಳಿದ ಮಕ್ಕಳ ಒಪ್ಪಿಗೆ ತನ್ನಿ ಅಂದರು ಲೈಸೆನ್ಸ್ ಆಫೀಸಿನವರು. ಉಳಿದ ಮಕ್ಕಳು ಅಂದರೆ ನನ್ನ ತಮ್ಮ ಒಬ್ಬನೇ. ಅವನು ಸಹಿ ಹಾಕದಿದ್ದರೆ ಅಪ್ಪನ ಲೈಸೆನ್ಸ್ ಮುಗಿಯುವ ಹೊತ್ತಿಗೆ ರೈಫಲನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಕೈ ತೊಳೆದುಕೊಳ್ಳಬೇಕು. ನನ್ನ ಭಾನುವಾರಗಳೂ ಅದರ ಜೊತೆಗೇ ಹೋಗುತ್ತವೆ.

ತಮ್ಮ ಒಳ್ಳೆಯವನು. ಬಂಗಾರಪೇಟೆಯಲ್ಲಿ ಬೋರ್‌ವೆಲ್ ಪೈಪು, ಮೋಟಾರುಗಳ ಅಂಗಡಿ ಇಟ್ಟಿದ್ದಾನೆ. ಹಬ್ಬಕ್ಕೆ ನನಗೆ ಸೀರೆ ತಪ್ಪಿಸುವುದಿಲ್ಲ, ಜ್ವರ ಬಂದರೆ ಬೈಕಿನಲ್ಲಿ ಓಡಿ ಬರುತ್ತಾನೆ. ರೈಫಲ್ ಅವನಿಗೆ ಬೇಕಾಗಿಯೂ ಇಲ್ಲ. ಆದರೆ ಪೇಟೆಯಲ್ಲಿ ನಾಲ್ಕು ಜನ ಏನಂತಾರೆ ಅನ್ನುವುದು ಅವನಿಗೆ ಊಟದಷ್ಟೇ ಮುಖ್ಯ.

"ನಿಂಗ್ಯಾಕಕ್ಕ ಅದು? ನಾಳೆ ನನ್ ಮಗಳ ನೋಡಕ್ಕೆ ಗಂಡಿನೋರು ಬತ್ತಾರೆ. ಉಡುಗಿ ಸೋದರತ್ತೆ ಕೋವಿ ಇಡ್ಕೊಂಡವ್ಳೆ ಅಂದ್ರೆ ಏನ್ ತಿಳ್ಕಂತಾರೆ?"

"ಗುರಿ ಚೆನ್ನಾಗೈತೆ ಅಂತ ತಿಳ್ಕಂತಾರೆ" ಅಂದೆ.

"ತಮಾಸೆ ಬ್ಯಾಡಕ್ಕ. ಒಂದು ಕಾರಣ ಏಳು. ಅಂದಿ ಕಾಟ ಅನ್ನು, ಇಲ್ಲಾಂದ್ರೆ ಒಂಟಿ ಎಂಗಸು, ಬಯ ಆಯ್ತದೆ ಅನ್ನು. ಈಗ್ಲೇ ಸೈನ್ ಆಕ್ತೀನಿ."

ನೋಡಿ, ಇಷ್ಟು ಸುಲಭವಿತ್ತು. ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಸಿಟ್ಟು ಅದಕ್ಕೇ. ಅಂಜಿಕೊಂಡು ಬಾಗಿಲ ಹಿಂದೆ ಕೋವಿ ಇಟ್ಟುಕೊಳ್ಳುವ ವಿಧವೆ ಇವರಿಗೆ ಅರ್ಥವಾಗುತ್ತಾಳೆ. ಅವಳಿಗೆ ಇವರು ಸಹಿಯನ್ನೂ ಹಾಕುತ್ತಾರೆ, ಕಣ್ಣೀರನ್ನೂ ಹಾಕುತ್ತಾರೆ. ಭಾನುವಾರ ಬೆಳಿಗ್ಗೆ ಹಾಲು ಕರೆದು, ತಿಂಡಿ ತಿಂದು, ಬಸ್ಸು ಹತ್ತಿ ಗೋಣಿಚೀಲದ ಮೇಲೆ ಮಲಗಿ ಕಾಗದಕ್ಕೆ ತೂತು ಮಾಡಿ ನಗುವ ವಿಧವೆಗೆ ಮಾತ್ರ ಇವರ ಹತ್ತಿರ ಜಾಗವಿಲ್ಲ. ನನಗೆ ಭಯವೂ ಇಲ್ಲ ಹಂದಿಯೂ ಇಲ್ಲ, ಖುಷಿ ಇದೆ ಅಂದೆ. ಅವನು ಬೈಕ್ ಹತ್ತಿ ಹೊರಟುಹೋದ.

ಹೀಗೆ ಎಳೆದಾಡುತ್ತಿರುವಾಗಲೇ ಆಯುಧ ಪೂಜೆ ಬಂತು.

ನಮ್ಮ ಮನೆಯ ಆಯುಧ ಪೂಜೆಯ ಒಂದು ಪದ್ಧತಿ ಹೇಳಬೇಕು. ಕುಡುಗೋಲು, ಗುದ್ದಲಿ, ಮೇವು ಕತ್ತರಿಸುವ ಯಂತ್ರ, ತಮ್ಮನ ಬೈಕು, ಸರಕಿನ ಆಟೋ, ಎಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತವೆ. ಗಾಡಿಗಳ ಚಕ್ರದ ಕೆಳಗೆ ನಿಂಬೆಕಾಯಿ ಇಟ್ಟು ಹತ್ತಿಸುತ್ತಾರಲ್ಲ, ಅದು ಎಲ್ಲ ಕಡೆ ಇರುವುದೇ. ರೈಫಲಿಗೆ ಚಕ್ರವಿಲ್ಲ. ಹಾಗಂತ ಅದಕ್ಕೊಂದು ನಿಂಬೆಕಾಯಿ ತಪ್ಪಿಸುವುದು ನ್ಯಾಯವಲ್ಲ ಅಂತ ಅಪ್ಪ ಯಾವ ಕಾಲದಲ್ಲೋ ತೀರ್ಮಾನಿಸಿದ್ದರು. ಅಂಗಳದ ಎದುರಿಗೇ, ಹೊಲದಂಚಿನಲ್ಲಿ, ಬಾವಿ ತೋಡಿದ ಮಣ್ಣಿನ ದಿಬ್ಬ ಗೋಡೆಯಷ್ಟು ಎತ್ತರಕ್ಕಿದೆ. ಪೂಜೆಯಾದ ಮೇಲೆ ಆ ದಿಬ್ಬದ ಬುಡದಲ್ಲಿ ನಿಂಬೆಕಾಯಿ ಇಟ್ಟು, ಎಲ್ಲರನ್ನೂ ಹಿಂದೆ ನಿಲ್ಲಿಸಿ, ಒಂದೇ ತೋಟಾದಲ್ಲಿ ಅದನ್ನು ಹೊಡೆಯುತ್ತಿದ್ದರು. ಬೇರೆ ಯಾರ ಮನೆಯಲ್ಲೂ ನಾನು ಇದನ್ನು ನೋಡಿಲ್ಲ. ಊರಿನ ನಗೆಪಾಟಲೂ ಹೌದು, ಅದನ್ನು ನೋಡಲು ಊರೆಲ್ಲ ಬರುವುದೂ ಹೌದು.

ಅಪ್ಪ ಪೂಜೆ ಮಾಡುವಾಗ ರೈಫಲಿನ ಮರದ ಹಿಡಿಗೆ ಮಾತ್ರ ಒಂದು ಬೊಟ್ಟು ಇಡುತ್ತಿದ್ದರು. ಕಬ್ಬಿಣಕ್ಕೆ ಏನೂ ಸೋಕಿಸುತ್ತಿರಲಿಲ್ಲ. ಆ ವರ್ಷ ಕಣ್ಣು ಕಾಣದ್ದರಿಂದ ಅಂಗಳದ ಕಟ್ಟೆಯ ಮೇಲೆ ಕೂತರು. ಪೂಜೆ ತಮ್ಮನ ಪಾಲಿಗೆ ಬಂತು. ನಾನು ಒಳಗೆ ಒಬ್ಬಟ್ಟು ಬೇಯಿಸುತ್ತಿದ್ದೆ. ವಿಧವೆ ಪೂಜೆಯ ಸಾಲಿನ ಹತ್ತಿರ ಬರಬಾರದು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಬ್ಬಟ್ಟು ನೀನೇ ಚೆನ್ನಾಗಿ ಮಾಡೋದು ಅನ್ನುತ್ತಾರೆ.

ನಾನು ಹೊರಗೆ ಬರುವಷ್ಟರಲ್ಲಿ ನೆಂಟರು, ಅಕ್ಕಪಕ್ಕದವರು ಎಲ್ಲ ಹೊಲದಂಚಿಗೆ ಹೋಗಿದ್ದರು. ನಿಂಬೆಕಾಯಿ ದಿಬ್ಬದ ಬುಡದಲ್ಲಿ ಕೂತಿತ್ತು. ಅಪ್ಪ ಎಲ್ಲರೆದುರಿಗೂ "ಈ ದಪ ಮಗಳು ಒಡೀತಾಳೆ" ಅಂದರು. ತಮ್ಮನ ಮುಖ ಕೆಂಪಾಯಿತು. ಮಗನಿದ್ದೂ ಮಗಳು. ಸುತ್ತ ಇದ್ದವರು ಅವನನ್ನೇ ನೋಡಿದರು. ಅವನು ನಗುತ್ತಲೇ ಅಂದ:

"ಒಡೀಲಿ ಬುಡಪ್ಪ. ಒಂದೇ ಏಟ್ಗೆ ಒಡುದ್ರೆ ಇಲ್ಲೇ, ಇವ್ರ ಮುಂದೇನೇ ಸೈನ್ ಆಕ್ತೀನಿ. ತಪ್ಪುದ್ರೆ ನಾಳೇನೇ ಅದನ್ನ ತಗಂಡೋಗಿ ಒಪ್ಪಿಸ್‌ಬುಡೋದು. ಸರೀನಾ ಅಕ್ಕ?"

ಸರಿ ಅಂದೆ. ಅಲ್ಲಿಂದ ನಿಂಬೆಕಾಯಿಗೆ ದೂರ ಹೆಚ್ಚೇನೂ ಇರಲಿಲ್ಲ, ಊರಿಗಾಂನಲ್ಲಿ ಇದಕ್ಕಿಂತ ಚಿಕ್ಕದಕ್ಕೆ ಗುರಿಯಿಟ್ಟವಳು ನಾನು. ರೈಫಲ್ ಕೈಗೆ ತೆಗೆದುಕೊಂಡೆ. ಹಿಡಿಯ ತುಂಬ ವಿಭೂತಿ, ಸೇವಂತಿಗೆ ಹಾರ. ಬೋಲ್ಟ್ ತೆಗೆದು ನಳಿಗೆಯನ್ನು ಆಕಾಶಕ್ಕೆ ಹಿಡಿದು ಹಿಂದಿನಿಂದ ನೋಡಿದೆ. ಒಳಗೆ ಬೆಳಕು ಕಾಣದೆ ತೋಟಾ ಹಾಕಬಾರದು, ಇದು ಅಪ್ಪ ಕಲಿಸಿದ ಮೊದಲ ಪಾಠ. ಬೆಳಕು ಕಾಣಲಿಲ್ಲ.

ತಿರುಗಿಸಿ ನಳಿಗೆಯ ಬಾಯಿ ನೋಡಿದೆ. ಅರಿಶಿನ, ಕುಂಕುಮ ಕಲಸಿ ಉಂಡೆ ಮಾಡಿ ಗಟ್ಟಿಯಾಗಿ ತುರುಕಲಾಗಿತ್ತು. ಅದರ ಮಧ್ಯದಲ್ಲಿ ಒಂದು ಹೂವಿನ ತೊಟ್ಟು. ತಮ್ಮ ಬೇಕಂತ ಮಾಡಿದ್ದಲ್ಲ. ಅಂಗಡಿಯಲ್ಲಿ ಅವನು ಪ್ರತಿ ಬೋರ್‌ವೆಲ್ ಪೈಪಿನ ಬಾಯಿಗೂ ಹೀಗೇ ಮೆತ್ತಿ ಹೂವು ಸಿಕ್ಕಿಸುವವನು. ಅವನ ಕಣ್ಣಿಗೆ ಇದೂ ಒಂದು ಪೈಪು. ಭಕ್ತಿಯಿಂದಲೇ ತುಂಬಿದ್ದಾನೆ, ಬೆರಳಿನಿಂದ ಅದುಮಿ ಅದುಮಿ ತುಂಬಿದ್ದಾನೆ. ಹಾಗೇ ಹೊಡೆದಿದ್ದರೆ ಗುಂಡು ಆ ಉಂಡೆಗೆ ಬಡಿದು, ನಳಿಗೆ ಕಪ್ಪೆ ನುಂಗಿದ ಹಾವಿನ ಹಾಗೆ ಉಬ್ಬಿ ನಿಂತುಬಿಡುತ್ತಿತ್ತು. ಸೀಳಿದ್ದರೆ ನನ್ನ ಕೈಗೂ ಬರುತ್ತಿತ್ತು.

ಒಳಗೆ ಹೋಗಿ ಹಿತ್ತಾಳೆ ಸರಳು, ಬಟ್ಟೆ, ಎಣ್ಣೆ ತಂದೆ. ನಾನು ಏನು ಮಾಡಲು ಹೊರಟಿದ್ದೇನೆ ಅಂತ ಮೊದಲು ಅರ್ಥವಾದದ್ದು ದೊಡ್ಡಮ್ಮನಿಗೆ, ಅಪ್ಪನ ಅತ್ತಿಗೆಗೆ. ನಮ್ಮ ಮನೆತನದ ಮಡಿ ಮೈಲಿಗೆಗೆಲ್ಲ ಅವರದೇ ಕಾನೂನು. ಗಾಬರಿಯಾದರೆ ಅವರ ಬಾಯಲ್ಲಿ ಮೊದಲು ತೆಲುಗು ಬರುತ್ತದೆ.

"ಅಯ್ಯೋ ನಾ ತಲ್ಲೀ, ಪೂಜೆ ಆಗಿರೋ ಕುಂಕುಮ ಒರೆಸ್ತೀಯಾ? ಇವತ್ತಾ? ನೀನಾ?"

ಆ ಕೊನೆಯ "ನೀನಾ" ಎಲ್ಲರಿಗೂ ಕೇಳಿಸಿತು. ಹೆಂಗಸರು ತಲೆಮೇಲೆ ಸೆರಗು ಎಳೆದುಕೊಂಡರು. ತಮ್ಮನ ದನಿಯಲ್ಲೂ ನಗು ಹೋಗಿತ್ತು. "ಬ್ಯಾಡಕ್ಕ. ಮನೆಗೆ ಒಳ್ಳೇದಾಗಲ್ಲ. ಒರೆಸ್‌ಬ್ಯಾಡ. ಅಂಗೇ ಒಡಿ, ಇಲ್ಲಾ ಕೆಳೀಕೆ ಇಕ್ಕು" ಅಂದ. ಹಾಗೇ ಹೊಡೆದರೆ ರೈಫಲ್ ಹಾಳು. ಕೆಳಗಿಟ್ಟರೆ ನಾಳೆ ಅದು ನನ್ನದಲ್ಲ. ಅಪ್ಪ ಕಟ್ಟೆಯ ಮೇಲಿಂದ ಏನಾಯ್ತು, ಏನಾಯ್ತು ಅಂತ ಕೇಳುತ್ತಿದ್ದರು.

ನನಗೆ ಮೈಯೆಲ್ಲ ಉರಿಯಿತು. ಗಂಡನ ತಿಥಿಯ ದಿನ ನನ್ನನ್ನು ಹಿತ್ತಿಲಲ್ಲಿ ಕೂರಿಸಿ, ಒದ್ದೆ ಬಟ್ಟೆಯಿಂದ ನನ್ನ ಹಣೆ ಉಜ್ಜಿದ್ದು ಇದೇ ದೊಡ್ಡಮ್ಮ. ಚರ್ಮ ಕೆಂಪಾಗುವ ತನಕ ಉಜ್ಜಿದರು. ಸುತ್ತ ಇದೇ ಹೆಂಗಸರು ನಿಂತಿದ್ದರು. ಆಗ ನಾನು ಬಾಯಿ ತೆರೆಯಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ತೆರೆದಿರಲಿಲ್ಲ. ಅವತ್ತು ತೆರೆದೆ.

"ದೊಡ್ಡಮ್ಮ, ನನ್ ಅಣೆ ಮ್ಯಾಲಿಂದು ನೀನೇ ಒರ್ಸಿದ್ದೆ. ಆವತ್ತು ಯಾರೂ ಬ್ಯಾಡ ಅನ್ಲಿಲ್ಲ. ಒಂದು ಕಬ್ಬಿಣದ ಪೈಪಿಂದು ಒರ್ಸಿದ್ರೆ ಮನೆ ಆಳಾಗೋಯ್ತದಾ?"

ದೊಡ್ಡಮ್ಮ ನನ್ನನ್ನೇ ನೋಡಿ, ಆಮೇಲೆ ನೆಲ ನೋಡಿದರು. ಸರಳಿಗೆ ಬಟ್ಟೆ ಸುತ್ತಿ ಹಿಂದಿನಿಂದ ನೂಕಿದೆ. ಉಂಡೆ ಪುಸಕ್ಕಂತ ಹೊರಗೆ ಬಿತ್ತು. ಬಟ್ಟೆ ಬದಲಿಸಿ ಬದಲಿಸಿ ಒರೆಸಿದೆ. ಕೆಂಪು ಬಂತು, ಹಳದಿ ಬಂತು, ಕೊನೆಗೆ ಎಣ್ಣೆ ಮಾತ್ರ ಬಂತು. ನಳಿಗೆಯಲ್ಲಿ ಬೆಳಕು ಕಂಡಿತು. ಅವಸರ ಮಾಡಲಿಲ್ಲ. ಎಲ್ಲರೂ ನೋಡುತ್ತ ನಿಂತಿರಲಿ ಅಂತಲೇ ನಿಧಾನ ಮಾಡಿದೆ ಅಂದರೂ ಸುಳ್ಳಲ್ಲ.

ಮಲಗಿ ಗುರಿಯಿಟ್ಟೆ. ನಿಂಬೆಕಾಯಿ ಗುರಿಯ ಮೇಲೆ ಒಂದು ಕಡೆ ನಿಲ್ಲಲೇ ಇಲ್ಲ. ರೈಫಲ್ ಇಳಿಸಿದೆ.

"ಏನಕ್ಕ, ಕೈ ನಡುಗ್ತಾ ಐತಾ?" ಅಂದ ತಮ್ಮ.

"ಊಂ ಕಣ್ಲಾ, ನಡುಗ್ತಾ ಐತೆ. ನಿಲ್ಲೋಗಂಟ ಕಾಯಿ."

ಕಾದರು. ಬೇರೆ ದಾರಿ ಏನಿತ್ತು? ಕೊಟ್ಟಿಗೆಯಲ್ಲಿ ಹಸು ಒಂದು ಸಲ ಕೂಗಿತು. ಸಿಟ್ಟು ಕೈಯಿಂದ ಇಳಿದು ಎಲ್ಲೋ ಹೊಟ್ಟೆಗೆ ಹೋಗಿ ಕೂತಿತು. ಅಲ್ಲಿದ್ದರೆ ಗುರಿಗೆ ತೊಂದರೆಯಿಲ್ಲ. ಅರ್ಧ ಉಸಿರು ಬಿಟ್ಟು ಹಿಡಿದೆ, ಬೆರಳು ಎಳೆದೆ. ನಿಂಬೆಕಾಯಿ ಎರಡು ಹೋಳಾಗಿ ಹಾರಿ, ಒಂದು ಹೋಳು ಬಾವಿಯ ಕಡೆ ಉರುಳಿತು. ಹುಳಿವಾಸನೆ ನಾನು ಮಲಗಿದ್ದಲ್ಲಿಗೆ ಬರುವಂಥದಲ್ಲ, ಆದರೂ ನನಗೆ ಬಂದ ಹಾಗಾಯಿತು. ನನಗೆ ನಗು ಬಂತು, ತಡೆಯಲಿಲ್ಲ. ಅಷ್ಟು ಜನದ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಪ್ಪನೂ ಸದ್ದು ಕೇಳಿಯೇ ನಕ್ಕರು.

ಎಲ್ಲರ ಮುಂದೆ ಅಲ್ಲದಿದ್ದರೂ, ಜನ ಕರಗಿದ ಮೇಲೆ ತಮ್ಮ ಮಂಚದ ಮೇಲೆ ಕೂತು ಸಹಿ ಹಾಕಿದ. ಮಾತಿಗೆ ತಪ್ಪುವವನಲ್ಲ. ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡ.

"ಅಕ್ಕಾ, ಪ್ಯಾಟೆಯಾಗೆ ಕೇಳ್ತಾರೆ. ಯಾಕೆ ಮಾಡುಸ್ಕೊಟ್ಟೆ ಅಂತ ನನ್ನೇ ಕೇಳ್ತಾರೆ. ನಾನೇನ್ ಏಳ್ಲಿ?"

"ನಮ್ಮಕ್ಕನಿಗೆ ಖುಸಿ, ಅದಕ್ಕೆ ಅಂತ ಏಳು."

ಅವನು ನನ್ನ ಮುಖ ನೋಡಿದ. ಕಣ್ಣು ತುಂಬಿಕೊಂಡಿತ್ತು. ಸಿಟ್ಟಿಗೋ ಸಂಕಟಕ್ಕೋ ನನಗೆ ಗೊತ್ತಾಗಲಿಲ್ಲ.

"ಸೈನ್ ಬೇಕಾದ್ರೆ ಇನ್ನೊಂದು ಆಕ್ತೀನಕ್ಕ. ಬಾವ ಓದ್ಮೇಲೂ ನೀನು ಖುಸಿಯಾಗಿದ್ದೀಯ ಅಂತ ನಾಲ್ಕು ಜನದ ಮುಂದೆ ನನ್ ಬಾಯಾಗೆ ಎಂಗಕ್ಕ ಏಳ್ಲಿ?"

ಅವನು ಇವತ್ತಿಗೂ ಹೇಳಿಲ್ಲ. ಅಂಗಡಿಗೆ ಬಂದು ಕೇಳಿದವರಿಗೆ ಹಂದಿ ಕಾಟ ಅನ್ನುತ್ತಾನಂತೆ. ನಮ್ಮ ಹೊಲಕ್ಕೆ ಹಂದಿ ಕಾಲಿಟ್ಟದ್ದನ್ನು ಯಾರೂ ಕಂಡಿಲ್ಲ. ಅವನಿಂದ ಆಗದಿದ್ದರೆ ಬಿಡಲಿ, ನನ್ನ ಬಾಯಿ ನನಗಿದೆ. ನನ್ನ ಗಂಡ ಸತ್ತಿದ್ದಾರೆ. ನಾನು ಖುಷಿಯಾಗಿದ್ದೇನೆ.